ನೆಲ ಕಾಯುವ ಮಾಲಕ

ಕಾರ್ಯಾಗಾರದ ನೆಲಕ್ಕೆ ಎಪಾಕ್ಸಿ ಬಳಿಸಿದ ಮರುದಿನದಿಂದ ಕಾರ್ಯಾಗಾರವನ್ನು ಬಿಟ್ಟು ನೆಲವನ್ನೇ ನಡೆಸತೊಡಗುವ ಮಾಲಕರ ವರ್ಗವೊಂದು ಗಡಿನಾಡಿನಲ್ಲಿ ಈಚೆಗೆ ರೂಪುಗೊಂಡಿದೆ. ಕೊಲ್ಹಾಪುರದ ಶಿರೋಲಿಯ ಯಂತ್ರಶಾಲೆಗಳಲ್ಲೋ ಇಚಲಕರಂಜಿಯ ಹೊಸ ಮಗ್ಗದ ಕಾರಖಾನೆಗಳಲ್ಲೋ ಮುಖ ಕಾಣುವಂಥ ನೆಲವನ್ನು ಕಂಡು ಬಂದ ಯಾರೂ ಈ ವರ್ಗಕ್ಕೆ ಸೇರಬಹುದಾದರೂ, ಅದರ ಲಕ್ಷಣಗಳು ಪೂರ್ತಿಯಾಗಿ ಅರಳುವುದು ದತ್ತವಾಡದಂಥ ಊರಿನಲ್ಲಿ. ಶಿರೋಳ ತಾಲೂಕಿನಲ್ಲಿ ದೂಧಗಂಗೆಯ ದಂಡೆಗಿರುವ ಈ ಊರಿನ ಟ್ರ್ಯಾಕ್ಟರ್ ಗ್ಯಾರೇಜಿನವನು, ಗಿರಾಕಿಯೊಡನೆ ಮರಾಠಿಯಲ್ಲಿ ಚೌಕಾಶಿ ಮಾಡಿ ಕೆಲಸದ ಹುಡುಗನನ್ನು ಕನ್ನಡದಲ್ಲಿ ಬೈಯುತ್ತ, ರೋಟಾವೇಟರು ಮತ್ತು ಕಬ್ಬಿನ ಟ್ರಾಲಿಗಳ ನಡುವೆ ಅರ್ಧ ಆಯುಷ್ಯ ಕಳೆದವನು. ಅವನ ಹಳೆಯ ನೆಲವೋ, ಈ ಭಾಗದವರು ಕೋಬಾ ಎಂದು ಕರೆಯುವ ಸಿಮೆಂಟ್ ಗಚ್ಚು, ವರ್ಷಗಟ್ಟಲೆ ಡೀಸೆಲ್ಲು ಗ್ರೀಸು ಕುಡಿದು ಕರ್ರಗಾಗಿ, ಯಾರು ಏನು ಚೆಲ್ಲಿದರೂ ಚಕಾರವೆತ್ತದಂಥದು.

ಎಪಾಕ್ಸಿ ಬಣ್ಣವಲ್ಲ ಎಂಬುದು ಈ ಮಾಲಕನು ಮೊದಲು ಒಪ್ಪದ, ಆಮೇಲೆ ಊರಿಗೆಲ್ಲ ಬೋಧಿಸುವ ಸಂಗತಿ. ರೆಸಿನ್ ಎಂಬ ರಾಳವೂ ಹಾರ್ಡನರ್ ಎಂಬ ಗಟ್ಟಿಕಾರಕವೂ ಗೊತ್ತಾದ ಪ್ರಮಾಣದಲ್ಲಿ ಕೂಡಿದಾಗ ಎರಡರ ಅಣುಗಳೂ ಒಂದಕ್ಕೊಂದು ಹೆಣೆದುಕೊಂಡು ಶಾಖ ಬಿಡುತ್ತ ಗಟ್ಟಿಯಾಗುವುದೇ ಇದರ ಗುಣ. ಸೋರುವ ನಳಕ್ಕೆ ಎರಡು ತುಣುಕು ಕಿವುಚಿ ಮೆತ್ತುವ ಎಂ-ಸೀಲ್ ಇದರ ಬಡ ಸಂಬಂಧಿ. 1930ರ ದಶಕದಲ್ಲಿ ಕೃತಕ ಹಲ್ಲಿಗೆ ತಕ್ಕ ಪದಾರ್ಥವನ್ನು ಅರಸುತ್ತಿದ್ದ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಪಿಯರ್ ಕಾಸ್ತಾನನಿಗೆ ಈ ರಾಳವು ಕೈಗೆ ಹತ್ತಿತು. ಹಲ್ಲು ಕಟ್ಟಲೆಂದು ಹುಡುಕಿದ ಪದಾರ್ಥವು ಇಷ್ಟು ದೂರದ ಮಾಲಕನು ಹಲ್ಲು ಕಡಿಯಲು ಕಾರಣವಾದೀತೆಂದು ಅವನು ಎಣಿಸಿರಲಾರ. ಬಣ್ಣವು ಗಾಳಿಗೆ ಒಣಗುತ್ತದೆ, ಎಪಾಕ್ಸಿಯು ತನ್ನೊಳಗೇ ಮಾಗುತ್ತದೆ. ಈ ವ್ಯತ್ಯಾಸ ತಿಳಿಯದ ಮಾಲಕನು ಬೇಗ ಒಣಗಲೆಂದು ಒಂದು ಲೋಟ ಹಾರ್ಡನರನ್ನು ಹೆಚ್ಚಿಗೆ ಸುರಿಸುತ್ತಾನೆ, ಆ ಹೆಚ್ಚಿನ ಲೋಟಕ್ಕೆ ಜೊತೆಯ ರಾಳ ಸಿಗದೆ ನೆಲವು ಮೆತ್ತಗೆ ಉಳಿಯುತ್ತದೆ, ಮತ್ತು ಬೈಗುಳವು ಕಂಪನಿಗೆ ಹೋಗುತ್ತದೆ.

ಈ ಕೆಲಸದ ಮುಕ್ಕಾಲು ಪಾಲು ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆಯೇ ಮುಗಿದಿರಬೇಕು. ಕಾಂಕ್ರೀಟ್ ಹೊಸದಾದರೆ ಅದಕ್ಕೆ 28 ದಿನ ತುಂಬಿರಬೇಕು. ಹಳೆಯದಾದರೆ ಅದು ಕುಡಿದ ಎಣ್ಣೆಯನ್ನು ಡಿಗ್ರೀಸರ್ ಹಾಕಿ ತೊಳೆದು ತೆಗೆದು, ಮೇಲ್ಮೈಯ ದುರ್ಬಲ ಪುಡಿಪದರವನ್ನು ವಜ್ರದ ತುಣುಕುಗಳಿರುವ ಗ್ರೈಂಡಿಂಗ್ ಯಂತ್ರದಿಂದ ತಿಕ್ಕಿ, ಧೂಳನ್ನು ಯಂತ್ರದಿಂದಲೇ ಹೀರಿ, ನಾಲ್ಕು ಹನಿ ನೀರು ಚಿಮುಕಿಸಿ ನೋಡಬೇಕು. ನೀರು ಇಂಗಿದರೆ ನೆಲ ಸಿದ್ಧ, ಮಣಿಯಾಗಿ ನಿಂತರೆ ಎಣ್ಣೆ ಇನ್ನೂ ಒಳಗಿದೆ. ಇದಾವುದೂ ಮಾಲಕನ ಮನಸ್ಸಿಗೆ ಹಿಡಿಸುವುದಿಲ್ಲ, ಏಕೆಂದರೆ ತಿಕ್ಕಿದ ನೆಲವನ್ನು ಯಾರೂ ನೋಡಲು ಬರುವುದಿಲ್ಲ. ಅವನ ಕಣ್ಣೆಲ್ಲ ಬಣ್ಣದ ಪಟ್ಟಿಯ ಮೇಲೆ. ಬೂದು ಬಣ್ಣವೋ ಹಸಿರೋ ಎಂಬ ವಿಷಯದಲ್ಲಿ ಮನೆಯವರು, ಅಳಿಯ, ಎದುರಿನ ಪಂಕ್ಚರಿನವನು ಎಲ್ಲರ ಸಲಹೆಯೂ ಆಗುತ್ತದೆ. ಇಚಲಕರಂಜಿಯಿಂದ ಬಂದ ಗುತ್ತಿಗೆದಾರ ಹುಡುಗ, ‘ಮಾಮಾ, ಅರ್ಧಾ ರೊಕ್ಕ ತಿಕ್ಕೂದಕ್ಕ ಹೋಗತೈತಿ ನೋಡ್ರಿ’ ಎಂದರೆ, ‘ತಿಕ್ಕೂದಕ್ಕ ರೊಕ್ಕ ಯಾಕ? ನಮ್ಮ ಹುಡುಗ್ರು ಅದಾರ, ಬ್ರಶ್ ಐತಿ’ ಎಂಬ ಉತ್ತರ ತಯಾರಿರುತ್ತದೆ.

ಶಿರೋಳದ ಮಣ್ಣಿಗೆ ಇಲ್ಲಿ ಪ್ರತ್ಯೇಕ ಪಾತ್ರವಿದೆ. ದಶಕಗಳ ಕಾಲ ಕಬ್ಬಿಗೆ ನೀರು ಕಟ್ಟಿದ ಈ ತಾಲೂಕಿನ ಎರೆಭೂಮಿಯಲ್ಲಿ ಬಹಳಷ್ಟು ಸವಳು ಜವಳಾಗಿದೆ, ಅಂದರೆ ನೆಲದಡಿಯ ನೀರು ಮೇಲಕ್ಕೇರಿ ಉಪ್ಪು ಒಡೆದಿದೆ. ನೆಲದೊಳಗೆ ತೂತಿನ ಪೈಪು ಹುಗಿದು ಆ ನೀರನ್ನು ಹೊರಹಾಕುವ ಪ್ರಯತ್ನಗಳನ್ನು ರೈತರೂ ಸಕ್ಕರೆ ಕಾರಖಾನೆಯೂ ಕೂಡಿ ಮಾಡಿದ್ದಾರೆ. ಹೊಲದಲ್ಲಿ ಬೆಳೆಯ ಬೇರನ್ನು ಕೊಲ್ಲುವ ಆ ತೇವವು ಗ್ಯಾರೇಜಿನ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲೂ ಏರುತ್ತದೆ, ಗಚ್ಚಿನಡಿಯಲ್ಲಿ ಪ್ಲಾಸ್ಟಿಕ್ ಹಾಸಿರದಿದ್ದರಂತೂ ಏರಿಯೇ ಏರುತ್ತದೆ, ಮತ್ತು ಮೇಲೆ ಎಪಾಕ್ಸಿಯ ಮುಚ್ಚಳ ಬಿದ್ದೊಡನೆ ಹೊರಹೋಗಲು ದಾರಿ ಕಾಣದೆ ಅದನ್ನೇ ಎತ್ತತೊಡಗುತ್ತದೆ. ಇದನ್ನು ಮೊದಲೇ ಅರಿಯಲು ಒಂದು ಅಗ್ಗದ ಪರೀಕ್ಷೆಯಿದೆ: ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ನೆಲಕ್ಕಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ಎತ್ತಿದಾಗ ಅಡಿಯಲ್ಲಿ ಬೆವರು ಕಂಡರೆ ಬಳಿಯಬಾರದು. ಮಾಲಕನು ಹಾಳೆ ಅಂಟಿಸಲು ಒಪ್ಪುತ್ತಾನೆ. ಬೆಳಿಗ್ಗೆ ಬೆವರು ಕಂಡಾಗ, ‘ರಾತ್ರಿ ಸೆಕಿ ಭಾಳ ಇತ್ತು, ನನಗೂ ಬೆವರ ಬಂತು’ ಎಂದು ನೆಲದ ಪರವಾಗಿ ಸಾಕ್ಷಿ ನುಡಿಯುತ್ತಾನೆ.

ಕಾಲವನ್ನು ಆರಿಸುವುದರಲ್ಲಿ ಮಾತ್ರ ಅವನನ್ನು ಪೂರ್ತಿ ದೂಷಿಸುವಂತಿಲ್ಲ. ಎಪಾಕ್ಸಿಗೆ ಒಪ್ಪುವುದು ದೀಪಾವಳಿಯ ನಂತರದ ಒಣ, ತಂಪು ಹವೆ. ಕಬ್ಬು ನುರಿಸುವ ಹಂಗಾಮು ಶುರುವಾಗುವುದೂ ಆಗಲೇ, ಮುರಿದ ಟ್ರಾಲಿಗಳು ಗ್ಯಾರೇಜಿನ ಮುಂದೆ ಸಾಲುಗಟ್ಟುವುದೂ ಆಗಲೇ. ಮಳೆಗಾಲದಲ್ಲಿ ಬಳಿದರೆ ಗಾಳಿಯ ತೇವವು ಹಾರ್ಡನರಿನೊಡನೆ ಸೇರಿ ಮೇಲೊಂದು ಮೇಣದಂಥ ಜಿಡ್ಡುಪದರವನ್ನು ಕಟ್ಟುತ್ತದೆ. 2019 ಮತ್ತು 2021ರಂಥ ಮಹಾಪೂರ ಬಂದರೆ ಬಳಿಯುವ ಮಾತೇ ಉಳಿಯುವುದಿಲ್ಲ. ಹೀಗೆ ಕೈ ಖಾಲಿಯಿರುವ ಮೇ ತಿಂಗಳೇ ಗತಿಯಾಗುತ್ತದೆ. ಬೆರೆಸಿದ ಎಪಾಕ್ಸಿಯು ಬಕೆಟ್ಟಿನಲ್ಲಿ ಬಳಸುವಂತಿರುವ ಅವಧಿಗೆ ಪಾಟ್ ಲೈಫ್ ಎನ್ನುತ್ತಾರೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಅರ್ಧ ಗಂಟೆಯಿರುವ ಆ ಅವಧಿಯು, ಉಷ್ಣತೆ 10 ಡಿಗ್ರಿ ಏರಿದರೆ ಅಂದಾಜು ಅರ್ಧಕ್ಕಿಳಿಯುತ್ತದೆ. ಮಾಲಕನು ಬಂದವರಿಗೆಲ್ಲ ಬಕೆಟ್ಟು ತೋರಿಸಿ, ಚಹಾ ತರಿಸಿ, ಬಶಿಗೆ ಹೊಯ್ದು ಕುಡಿದು ಮುಗಿಸುವುದರೊಳಗೆ ಬಕೆಟ್ಟು ಬಿಸಿಯೇರಿ ಹೊಗೆಯಾಡಿ, ಕಲಸುವ ಕೋಲಿನ ಸಮೇತ ಕಲ್ಲಾಗಿರುತ್ತದೆ. ಆ ಕಲ್ಲನ್ನು ಎಸೆಯಲು ಮನಸ್ಸಾಗದೆ ಬಾಗಿಲಿಗೆ ಅಡ್ಡ ಇಡುವುದು ಈ ವರ್ಗದ ಖಚಿತ ಲಕ್ಷಣಗಳಲ್ಲೊಂದು.

ಇನ್ನೊಂದು ಲಕ್ಷಣವು ಮಿತವ್ಯಯಕ್ಕೆ ಸಂಬಂಧಿಸಿದ್ದು. ಬಕೆಟ್ಟಿನ ಗೋಡೆಗೆ ಹತ್ತಿದ ರಾಳಕ್ಕೆ ಹಾರ್ಡನರ್ ಸರಿಯಾಗಿ ತಾಗಿರುವುದಿಲ್ಲವಾದ್ದರಿಂದ, ಒಮ್ಮೆ ಕಲಸಿದ್ದನ್ನು ಬೇರೊಂದು ಬಕೆಟ್ಟಿಗೆ ಸುರಿದು ಮತ್ತೆ ಕಲಸಬೇಕು, ಖಾಲಿ ಬಕೆಟ್ಟನ್ನು ನೆಲಕ್ಕೆ ಬೋರಲು ಹಾಕಕೂಡದು ಎಂಬುದು ಕಸುಬಿನವರ ನಿಯಮ. ಕೆಲಸಗಾರರು ಮೊಳೆಬೂಟು ತೊಟ್ಟು, ಮುಳ್ಳಿನ ರೋಲರ್ ಉರುಳಿಸಿ ಗಾಳಿಗುಳ್ಳೆ ಒಡೆಯುತ್ತಿರುವಾಗ, ಮಾಲಕನು ಹಿಂದಿನಿಂದ ಬಂದು, ರೊಕ್ಕ ಕೊಟ್ಟ ಸರಕು ಹಾಳಾಗಬಾರದೆಂದು ಬಕೆಟ್ಟನ್ನು ಬೋರಲಿಟ್ಟು ಹೋಗುತ್ತಾನೆ. ಆ ಒಂದು ತಟ್ಟೆಯಗಲದ ಜಾಗವು ವರ್ಷವಾದರೂ ಅಂಟಂಟಾಗಿಯೇ ಇದ್ದು, ಬಂದವರ ಒಂದು ಚಪ್ಪಲಿಯನ್ನು ಹಿಡಿದುಕೊಳ್ಳುತ್ತದೆ.

ಆದರೆ ಚಪ್ಪಲಿಯ ಪ್ರಶ್ನೆ ಬೇಗನೇ ಬಗೆಹರಿಯುತ್ತದೆ. ಬಳಿದ ನೆಲದ ಮೇಲೆ ಒಂದು ದಿನದ ನಂತರ ನಡೆಯಬಹುದು, ಮೂರು ದಿನದ ನಂತರ ಗಾಡಿ ನಿಲ್ಲಿಸಬಹುದು, ಏಳು ದಿನಕ್ಕೆ ಅದು ಪೂರ್ತಿ ಮಾಗುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಮಾಲಕನ ಲೆಕ್ಕದಲ್ಲಿ ಈ ಏಳು ದಿನಗಳಿಗೆ ಕೊನೆಯಿಲ್ಲ. ನರಸೋಬವಾಡಿಯ ದತ್ತನ ಮುಂದೆ ಚಪ್ಪಲಿಯನ್ನಷ್ಟೇ ಬಿಟ್ಟು ಬಂದ ಭಕ್ತನು ಇಲ್ಲಿ ಪಾನಾ, ಜಾಕು, ಸುತ್ತಿಗೆ ಎಲ್ಲವನ್ನೂ ಹೊರಗಿಡಬೇಕು. ವೆಲ್ಡಿಂಗಿನ ಕಿಡಿ ಎಪಾಕ್ಸಿಯನ್ನು ಸುಡುತ್ತದೆಂಬುದು ನಿಜವಾದ್ದರಿಂದ ವೆಲ್ಡಿಂಗು ರಸ್ತೆಗೆ ಹೋಯಿತು. ಓಡಿ ಬಂದ ಗಾಡಿಯ ಬಿಸಿ ಟಾಯರು ಸರಿಯಾಗಿ ಹಿಡಿಯದ ಪದರವನ್ನು ಕಿತ್ತುಕೊಂಡು ಬರುವುದೂ ನಿಜವಾದ್ದರಿಂದ ಟ್ರ್ಯಾಕ್ಟರು ಬೇವಿನ ಮರದಡಿಗೆ ಹೋಯಿತು. ಒಳಗೆ ಉಳಿದದ್ದು ಮಾಲಕನ ಕುರ್ಚಿ ಮಾತ್ರ, ಅದರ ನಾಲ್ಕು ಕಾಲಿಗೂ ಹಳೆಯ ಟ್ಯೂಬಿನ ಟೋಪಿ. ಅಪ್ಪಿತಪ್ಪಿ ಒಳಗೆ ಬಂದ ಪಾನಾ ಕೈಜಾರಿ ಹುಡುಗನ ಪಾದದ ಮೇಲೆ ಬಿದ್ದರೆ ಮಾಲಕನು ಓಡಿಬಂದು ಮೊದಲು ಸುತ್ತಲಿನ ನೆಲ ಸವರಿ ನೋಡಿ, ‘ದೇವರ ದಯಾ, ಕಾಲ ಅಡ್ಡ ಬಂತು’ ಎನ್ನುತ್ತಾನೆ.

ಪಾಲನೆಯ ವಿಷಯದಲ್ಲಿ ಅವನ ಜ್ಞಾನವು ಗೌರವಕ್ಕೆ ಅರ್ಹವಾದುದು. ಕಬ್ಬಿಣದ ಪುಡಿ ಗೀರು ಹಾಕುವುದರಿಂದ ದಿನವೂ ಮೆತ್ತನೆಯ ಕಸಬರಿಗೆಯಿಂದ ಗುಡಿಸಬೇಕು. ಆಮ್ಲವೂ ಕ್ಷಾರವೂ ಅಲ್ಲದ ಸೌಮ್ಯ ಸಾಬೂನುದ್ರಾವಣವನ್ನೇ ಬಳಸಬೇಕು, ಪಾಯಖಾನೆ ತೊಳೆಯುವ ಆ್ಯಸಿಡ್ಡನ್ನು ಹತ್ತಿರ ತರಬಾರದು. ಬ್ಯಾಟರಿಯ ನೀರೋ ಬ್ರೇಕ್ ಆಯಿಲ್ಲೋ ಚೆಲ್ಲಿದರೆ ಕೂಡಲೇ ಒರೆಸಬೇಕು. ಇವೆಲ್ಲ ಸರಿಯಾದ ಮಾತುಗಳೇ. ಒದ್ದೆಯಾದ ಎಪಾಕ್ಸಿ ಜಾರುತ್ತದಾದ್ದರಿಂದ ಕೊನೆಯ ಪದರಕ್ಕೆ ಸಣ್ಣ ಸ್ಫಟಿಕಮರಳನ್ನು ಉದುರಿಸಬೇಕೆಂಬುದೂ ಅಷ್ಟೇ ಸರಿಯಾದ ಮಾತು, ಆದರೆ ಅದರಿಂದ ಹೊಳಪು ಕುಂದುತ್ತದೆಂದು ಅವನು ಅದನ್ನು ಬಿಟ್ಟುಬಿಟ್ಟಿರುತ್ತಾನೆ. ಗಿರಾಕಿ ಜಾರಿದರೆ, ನೆಲದ ನುಣುಪಿಗೆ ಇದಕ್ಕಿಂತ ಬೇರೆ ಪ್ರಮಾಣಪತ್ರ ಬೇಡವೆಂಬಂತೆ ಅವನ ಮುಖ ಅರಳುತ್ತದೆ. ಮದುವೆಗೆಂದು ಮಂಗಲ ಕಾರ್ಯಾಲಯಕ್ಕೆ ಹೋದರೆ ವಧೂವರರ ಮೇಲೆ ಅಕ್ಷತೆ ಬೀಳುವ ಹೊತ್ತಿಗೆ ಇವನ ದೃಷ್ಟಿ ಕೆಳಗಿರುತ್ತದೆ. ಊಟದ ಪಂಕ್ತಿಯಲ್ಲಿ ಬೆರಳ ಗೆಣ್ಣಿನಿಂದ ನೆಲ ತಟ್ಟಿ, ಟೊಳ್ಳು ಸದ್ದು ಬಂದರೆ, ‘ಪ್ರೈಮರ್ ಹೊಡದಿಲ್ಲ’ ಎಂದು ಪಕ್ಕದವನಿಗೆ ತಿಳಿಸಿಯೇ ಹೋಳಿಗೆಗೆ ಕೈ ಹಾಕುತ್ತಾನೆ.

ಮೊದಲ ಮಳೆಗಾಲ ಮುಗಿಯುವುದರೊಳಗೆ ಅವನ ನೆಲದಲ್ಲೂ ಗುಳ್ಳೆಗಳೇಳುತ್ತವೆ, ಚುಚ್ಚಿದರೆ ಉಪ್ಪುಪ್ಪಾದ ನೀರು ಜಿನುಗುತ್ತದೆ. ಶಟರಿನ ಬಳಿ ಬಿಸಿಲು ತಾಗುವ ಪಟ್ಟಿಯು ಹಳದಿಗೆ ತಿರುಗುತ್ತದೆ, ಅದು ಎಪಾಕ್ಸಿಯ ಹುಟ್ಟುಗುಣ. ಗುತ್ತಿಗೆದಾರನನ್ನು ಕರೆಸಿ ಕೇಳಿದರೆ, ಗುಳ್ಳೆಯೆದ್ದ ಕಡೆ ಕಿತ್ತು ತೇವ ತಡೆಯುವ ಪ್ರೈಮರ್ ಹಚ್ಚಬೇಕು, ಉಳಿದ ಕಡೆ ಹೊಸ ಪದರ ಹಿಡಿಯಬೇಕಾದರೆ ಹಳೆಯ ಹೊಳಪನ್ನೆಲ್ಲ ಪಾಲಿಶ್ ಕಾಗದದಿಂದ ತಿಕ್ಕಿ ಮಾಸಲು ಮಾಡಬೇಕು ಎನ್ನುತ್ತಾನೆ. ಹೊಳಪು ಉಳಿಸಲೆಂದು ಟ್ರ್ಯಾಕ್ಟರನ್ನೇ ಹೊರಗಟ್ಟಿದವನಿಗೆ ಈ ಸಲಹೆ ಒಪ್ಪಿತವಾಗುವುದು ಶಕ್ಯವಿಲ್ಲ. ಅಷ್ಟರಲ್ಲಿ ಹಂಗಾಮು ಬಂದು ಬೇವಿನ ನೆರಳೂ ಸಾಲದಾಗಿ, ಮಾಲಕನು ಇಚಲಕರಂಜಿಯ ಪೇಟೆಯಿಂದ ದಪ್ಪ ತಾಡಪತ್ರಿಯೊಂದನ್ನು ತರಿಸಿ ಗೋಡೆಯಿಂದ ಗೋಡೆಗೆ ಹಾಸುತ್ತಾನೆ. ಟ್ರ್ಯಾಕ್ಟರು, ಜಾಕು, ವೆಲ್ಡಿಂಗು ಎಲ್ಲವೂ ಅದರ ಮೇಲೆ ಮೊದಲಿನಂತೆ ಒಳಗೆ ಬರುತ್ತವೆ, ಡೀಸೆಲ್ಲು ಗ್ರೀಸು ಮೊದಲಿನಂತೆ ಚೆಲ್ಲುತ್ತದೆ. ನೆಲ ನೋಡಲು ಬಂದ ಬೀಗರಿಗಾಗಿ ಹುಡುಗನು ಒಂದು ಮೂಲೆಯ ತಾಡಪತ್ರಿಯನ್ನು ಎತ್ತಿ ಹಿಡಿಯುತ್ತಾನೆ, ಮಾಲಕನು ಗುಳ್ಳೆಯಿಲ್ಲದ ಆ ಮೂಲೆಯನ್ನು ಅಂಗವಸ್ತ್ರದಿಂದ ಒರೆಸಿ ತೋರಿಸುತ್ತಾನೆ, ಮತ್ತು ತಾಡಪತ್ರಿಯನ್ನು ಚಪ್ಪಲಿಗಾಲಲ್ಲಿ ತುಳಿಯಬೇಡಿರೆಂದು ಬೀಗರಿಗೆ ವಿನಯದಿಂದ ತಿಳಿಸುತ್ತಾನೆ.