ಲೇಸರ್ ಸುಟ್ಟ ಕೈಕಸುಬು

ದಿನವಿಡೀ ಕೀಬೋರ್ಡ್ ಕುಟ್ಟಿ ದಣಿದ ಬೆಂಗಳೂರಿನ ಗೃಹಸ್ಥನಿಗೆ ಒಂದು ದಿನ ಇದ್ದಕ್ಕಿದ್ದಂತೆ, ತಾನೂ ಕೈಯಾರೆ ಏನಾದರೂ ಮಾಡಬೇಕು ಅನ್ನಿಸುತ್ತದೆ. ಉಳಿ, ಗರಗಸ, ಅರ ಎಲ್ಲ ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತವೆ. ಆದರೆ ಅವನ್ನು ಹಿಡಿದರೆ ಕೈ ನೋಯುತ್ತದೆ. ಹಾಗಾಗಿ ಆತ ಲೇಸರ್ ಕಟ್ಟರ್ ತರಿಸುತ್ತಾನೆ. ಕೈಯಾರೆ ಮಾಡುವ ಆಸೆಗೆ, ಕೈ ಹಾಕಲೇಬಾರದ ಯಂತ್ರ!

ಯಂತ್ರ ಬಂದ ದಿನವೇ ಯುಟಿಲಿಟಿಯ ಹೆಸರು 'ವರ್ಕ್‌ಶಾಪ್' ಆಗುತ್ತದೆ. ಒಗೆಯುವ ಬಟ್ಟೆಗಳು ಬೇರೆ ದಾರಿ ನೋಡಿಕೊಳ್ಳುತ್ತವೆ. ಪೆಟ್ಟಿಗೆಯ ಮೇಲೆ 40 ವ್ಯಾಟ್ ಎಂದಿರುತ್ತದೆ. ಒಳಗಿನ ಗಾಜಿನ ಕೊಳವೆಯ ಉದ್ದ ಅಳೆದವರು ಮೂವತ್ತು ವ್ಯಾಟಿನ ಆಸುಪಾಸು ಎನ್ನುತ್ತಾರೆ. ಚುನಾವಣೆಯ ಪ್ರಣಾಳಿಕೆ ಓದಿ ಪಳಗಿದ ನಮಗೆ ಇದೇನೂ ದೊಡ್ಡ ಕಡಿತವಲ್ಲ. ಆ ಕೊಳವೆಗೆ ಹದಿನೈದು ಇಪ್ಪತ್ತು ಸಾವಿರ ವೋಲ್ಟ್ ಬೇಕಿರುವುದರಿಂದ ಅರ್ತಿಂಗ್ ಸರಿಯಿರಲೇಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಸಾಕೆಟ್ಟಿನ ಮೂರನೇ ತೂತು ಇರುವುದು ನೋಟಕ್ಕೆ. ಅದರ ಹಿಂದೆ ತಂತಿ ಇದೆಯೇ ಎಂಬುದು ಬಿಲ್ಡರನಿಗೆ ಗೊತ್ತು, ಬಿಲ್ಡರ್ ಫೋನ್ ಎತ್ತುವುದಿಲ್ಲ.

ಇನ್ನು ಕೊಳವೆಗೆ ತಂಪು ಬೇಕು, ಇಪ್ಪತ್ತು ಡಿಗ್ರಿಯ ಹತ್ತಿರ. ಮನೆಮಂದಿ ಟ್ಯಾಂಕರ್ ನೀರು ಕುಡಿಯುತ್ತಾರೆ. ಇದು ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಏಪ್ರಿಲ್ ಸೆಕೆಯಲ್ಲಿ ಮಕ್ಕಳು ಪಾನಕಕ್ಕೆ ಐಸ್ ಕೇಳಿದರೆ ಟ್ರೇ ಖಾಲಿ. ಐಸೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಮುಳುಗಿ ಲೇಸರ್ ಬಕೆಟ್ಟಿನ ಸೇವೆಯಲ್ಲಿರುತ್ತದೆ.

ಕನ್ನಡಿ ಕೂರಿಸುವ ಕೆಲಸವನ್ನಂತೂ ಹತ್ತಿರ ನಿಂತೇ ನೋಡಬೇಕು. ಕೊಳವೆಯಿಂದ ಹೊರಟ ಕಿರಣ ಮೂರು ಕನ್ನಡಿಗಳಿಗೆ ತಾಗಿ, ಕೊನೆಗೆ ಮಸೂರದೊಳಗೆ ಇಳಿಯಬೇಕು. ಅದರ ತರಂಗಾಂತರ 10.6 ಮೈಕ್ರಾನ್, ಕಣ್ಣಿಗೆ ಕಾಣದು. ಆದ್ದರಿಂದ ಕನ್ನಡಿಯ ಚೌಕಟ್ಟಿನ ಮೇಲೆ ಕಾಗದದ ಟೇಪ್ ಅಂಟಿಸಿ, ಗುಂಡಿಯನ್ನು ಚಿಟಿಕೆ ಹೊಡೆದಷ್ಟು ಹೊತ್ತು ಒತ್ತುತ್ತಾನೆ. ಟೇಪಿನ ಮೇಲೆ ಸಾಸಿವೆ ಗಾತ್ರದ ಕಂದು ಚುಕ್ಕೆ. ಯಂತ್ರದ ತಲೆಯನ್ನು ಆ ತುದಿಗೆ ಸರಿಸಿ ಇನ್ನೊಮ್ಮೆ ಒತ್ತಿದರೆ ಎರಡನೇ ಚುಕ್ಕೆ ಮೊದಲನೆಯದರ ಮೇಲೆಯೇ ಬೀಳಬೇಕು. ಬೀಳುವುದಿಲ್ಲ. ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಹಳೆ ಟೇಪ್ ಕಿತ್ತು, ಹೊಸದು ಅಂಟಿಸುತ್ತಾನೆ. ಮೂರು ಮೂಲೆ ಕೂಡಿಬಂದಾಗ ನಾಲ್ಕನೆಯದು ಕೈಕೊಡುತ್ತದೆ. ಗೋಡೆಗೆ ಒಂದು ಮೊಳೆ ಹೊಡೆಯಲು ಎಲೆಕ್ಟ್ರಿಷಿಯನ್ನನ್ನು ಕರೆಸುವ ಮನುಷ್ಯ ರಾತ್ರಿ ಎರಡರವರೆಗೆ ಹೀಗೆ ಚುಕ್ಕೆ ಕೂಡಿಸುತ್ತಾನೆ. ಕಣ್ಣಿಗೆ ಯಂತ್ರದ ಜೊತೆ ಪುಕ್ಕಟೆ ಬಂದ ಹಸಿರು ಕನ್ನಡಕ. ಅದು ಯಾವ ತರಂಗಾಂತರ ತಡೆಯುತ್ತದೆಂದು ಅದರ ಮೇಲೆ ಬರೆದಿಲ್ಲ.

ಅಂದಹಾಗೆ, ಈ ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದವರು ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಪುಷ್ಪಕ ವಿಮಾನದ ಎಂಜಿನ್ ಹುಡುಕುವುದರಲ್ಲೇ ಮುಳುಗಿರುವ ನಮ್ಮ ವಾಟ್ಸ್ಯಾಪ್ ಗುಂಪುಗಳಿಗೆ ಈ ಸುದ್ದಿ ಇನ್ನೂ ತಲುಪಿದಂತಿಲ್ಲ.

ಹೊಗೆಯ ವಿಷಯ ಬೇರೆ. ಎಂಡಿಎಫ್ ಹಲಗೆ ಸುಟ್ಟಾಗ ಅದರೊಳಗಿನ ಅಂಟೂ ಸುಡುತ್ತದೆ. ಫ್ಯಾನಿಗೆ ಜೋಡಿಸಿದ ಪೈಪು ಆ ಹೊಗೆಯನ್ನು ಕಿಟಕಿಯಾಚೆ ದಾಟಿಸುತ್ತದೆ. ಅಲ್ಲಿಗೆ ಅದು ನಮ್ಮದಲ್ಲ, ಮೇಲಿನ ಮನೆಯವರದು. ಅವರು ಇಳಿದು ಬಂದು 'ಗಣಹೋಮವೇ?' ಎಂದು ವಿಚಾರಿಸುತ್ತಾರೆ. ಹೌದೆಂದಿದ್ದರೆ ಪ್ರಸಾದ ಕೇಳಿ ಸುಮ್ಮನಾಗುತ್ತಿದ್ದರು. ನಿಜ ಹೇಳಿದ್ದಕ್ಕೆ ಅಸೋಸಿಯೇಷನ್ ಮೀಟಿಂಗ್. ರೆಕ್ಸಿನ್ ಪರ್ಸಿನ ಮೇಲೆ ಹೆಸರು ಕೆತ್ತಿಕೊಡಿ ಎಂದು ಭಾವಮೈದ ತಂದುಕೊಟ್ಟಾಗ ಮಾತ್ರ ನಗುವ ವಿಷಯವಲ್ಲ. ಅದು ಪಿವಿಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊಮ್ಮಿ, ತೇವಕ್ಕೆ ಸೇರಿ ಆಸಿಡ್ ಆಗುತ್ತದೆ. ಯಂತ್ರದ ಕಂಬಿಗೂ ತುಕ್ಕು, ಮನುಷ್ಯನ ಶ್ವಾಸಕೋಶಕ್ಕೂ ಪೆಟ್ಟು. ನಮ್ಮವನು ಬೇಡವೆಂದ, ಸರಿಯೇ. ಆದರೆ ಮೊದಲು ಹೇಳಿದ್ದು ಕಂಬಿಯ ಚಿಂತೆಯನ್ನು.

ಇಷ್ಟಾಗಿ ತಯಾರಾದದ್ದೇನು? ಪರೀಕ್ಷೆಯ ಚೌಕಗಳು. ಇಷ್ಟು ಪವರಿಗೆ ಇಷ್ಟು ಸ್ಪೀಡು ಎಂದು ಪ್ಲೈವುಡ್ಡಿನ ಮೇಲೆ ಸಾಲುಸಾಲು ಸುಟ್ಟ ಚೌಕಗಳು. ಆಮೇಲೆ ಕೀಚೈನು. ಆಮೇಲೆ, ಎಲ್ಲ ಲೇಸರುಗಳೂ ಕಡೆಗೆ ಬಂದು ತಲುಪುವ ನಾಮಫಲಕ. ಎಸ್.ಪಿ. ರೋಡಿನಿಂದ ತಂದ ಅಕ್ರಿಲಿಕ್ ಹಾಳೆಯಲ್ಲಿ ಮನೆದೇವರ ಹೆಸರು, ಒತ್ತಕ್ಷರ ಕಳಚಿ ಕೆಳಗೆ ಬಿದ್ದಿದೆ. ಅದನ್ನು ಗೋಂದು ಹಾಕಿ ಕೂರಿಸಿದ್ದೊಂದೇ ಇಡೀ ವ್ಯವಹಾರದಲ್ಲಿ ನಿಜವಾಗಿ ಕೈಯಿಂದ ನಡೆದ ಕೆಲಸ. ಪ್ರತಿ ವಸ್ತುವಿಗೂ ಒಂದು ಮರದ ಚೀಟಿ ನೇತಾಡುತ್ತದೆ: 'ಹ್ಯಾಂಡ್‌ಮೇಡ್ ವಿತ್ ಲವ್'. ಚೀಟಿಯನ್ನು ಕೊಯ್ದದ್ದೂ ಲೇಸರು, ಲವ್ ಎಂದು ಸುಟ್ಟದ್ದೂ ಲೇಸರು. ಚನ್ನಪಟ್ಟಣದಲ್ಲಿ ಹಾಲೆಮರವನ್ನು ಲೇತಿಗೆ ಕೊಟ್ಟು, ತಿರುಗುವ ಗೊಂಬೆಗೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುವವನು ಹೀಗೆಲ್ಲ ಬರೆದು ತೂಗುಹಾಕುವುದಿಲ್ಲ. ಅವನಿಗೆ ಆ ಬಗ್ಗೆ ಅನುಮಾನವಿಲ್ಲ.

ಮೊನ್ನೆ ಆತನ ತಾಯಿ ಯಾರದೋ ಗೃಹಪ್ರವೇಶಕ್ಕೆಂದು ತಂದ ಸ್ಟೀಲ್ ಡಬ್ಬಿ ಹಿಡಿದು ವರ್ಕ್‌ಶಾಪಿಗೆ ಬಂದರು. 'ಇಷ್ಟು ದುಡ್ಡು ಸುರಿದಿದ್ದೀಯಲ್ಲ, ಇದರ ಮೇಲೆ ನಮ್ಮ ಹೆಸರು ಹಾಕಿಕೊಡು.' ಈ ತರಂಗಾಂತರದ ಬೆಳಕು ಬರಿ ಉಕ್ಕಿಗೆ ಬಿದ್ದರೆ ಬಹುಪಾಲು ಹಾಗೇ ಪ್ರತಿಫಲಿಸಿಬಿಡುತ್ತದೆ ಎಂದು ಮಗ ವಿವರಿಸಿದ. ತಾಯಿ ಪೂರ್ತಿ ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಪಾತ್ರೆ ಅಂಗಡಿಗೆ ನಡೆದರು. ಅಲ್ಲಿಯ ಹುಡುಗ ಮೊಬೈಲನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಗರ್ರೆನ್ನುವ ಪೆನ್ನಿನಲ್ಲಿ ಚುಕ್ಕೆಚುಕ್ಕೆಯಾಗಿ ದಂಪತಿಗಳ ಹೆಸರು, ತಾರೀಖು, ಕೊನೆಗೆ ಕೇಳದಿದ್ದರೂ ಒಂದು ಹೂವು ಬರೆದುಕೊಟ್ಟ. ಅಂಗಡಿಯಲ್ಲಿ ಕೊಂಡ ಡಬ್ಬಿಗೆ ಕೆತ್ತನೆ ಪುಕ್ಕಟೆ.

ಮಗ ಆಗಲೇ ಫೈಬರ್ ಲೇಸರ್ ವಿಚಾರಿಸಿದ್ದಾನೆ. 1064 ನ್ಯಾನೋಮೀಟರ್, ಅದು ಉಕ್ಕಿನ ಮೇಲೂ ಬರೆಯುತ್ತದೆ. ಇಎಂಐ ಸೌಲಭ್ಯವಿದೆಯಂತೆ.