ಮೂರನೇ ಅಧ್ಯಾಯದ ಮಹಿಮೆ

ದೆಹಲಿಯಲ್ಲಿ ಬರೆಯುವ ಸಮಾಜಶಾಸ್ತ್ರದ ಪಿಎಚ್‌ಡಿ ಪ್ರಬಂಧಗಳಲ್ಲಿ ಕೈಮುಗಿದು ಓದಬೇಕಾದದ್ದು ‘ಸಂಶೋಧನಾ ವಿಧಾನ’ವೆಂಬ ಮೂರನೇ ಅಧ್ಯಾಯ. ಇಡೀ ಪ್ರಬಂಧದ ತಾತ್ವಿಕ ತಳಪಾಯ ಇರುವುದು ಅಲ್ಲೇ. ಗೋಡೆ ಎದ್ದು, ಸೂರು ಕೂತು, ಸುಣ್ಣ ಬಳಿದಾದ ಮೇಲೆ ಹಾಕುವ ತಳಪಾಯವಾದ್ದರಿಂದ ಒಂದು ಬಿರುಕೂ ಕಾಣದು.

ತತ್ತ್ವ ಆರಿಸುವುದೂ ಸಲೀಸು. ಜನರ ಜೊತೆ ಮಾತಾಡಲು ಅಂಜುವವರು ಪಾಸಿಟಿವಿಸಂ ಹಿಡಿದು, ವಾಟ್ಸ್‌ಆ್ಯಪ್ ಗುಂಪಿಗೆ ಗೂಗಲ್ ಫಾರ್ಮ್ ಕಳಿಸಿ ಸಮಾಜವನ್ನು ಎಣಿಸುತ್ತಾರೆ. ಲೆಕ್ಕಕ್ಕೆ ಅಂಜುವವರು ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್‌ಗೆ ಶರಣಾಗಿ ಒಳಾರ್ಥ ಹುಡುಕುತ್ತಾರೆ. ಎರಡಕ್ಕೂ ಅಂಜುವವರ ಪಾಲಿಗೆ ಮಿಶ್ರ ವಿಧಾನವಿದೆ.

ಪಾಸಿಟಿವಿಸಂನ ಮೂಲಪುರುಷ ಆಗಸ್ಟ್ ಕಾಂಟ್‌ಗೆ ಅಂಕಿಅಂಶವೆಂದರೆ ಆಗುತ್ತಿರಲಿಲ್ಲ. ಅವನು ಬಳಸುತ್ತಿದ್ದ ‘ಸಾಮಾಜಿಕ ಭೌತಶಾಸ್ತ್ರ’ ಎಂಬ ಹೆಸರನ್ನು ಎಣಿಕೆಯ ಪಂಡಿತ ಕೆಟಲೆ ತನ್ನದಾಗಿಸಿಕೊಂಡನೆಂದೇ ಮುನಿದು ‘ಸೋಷಿಯಾಲಜಿ’ ಎಂದು ಬೇರೆ ಹೆಸರಿಟ್ಟ. ಅತ್ತ ವೇಬರ್ 1892ರಲ್ಲಿ ಎಲ್ಬ್ ನದಿಯಾಚೆಯ ಕೃಷಿ ಕೂಲಿಗಳ ಸಮೀಕ್ಷೆಯ ಕೋಷ್ಟಕಗಳಲ್ಲೇ ಮುಳುಗಿದ್ದ. ಇಬ್ಬರ ಈ ತಪ್ಪುಗಳನ್ನೂ ಮೂರನೇ ಅಧ್ಯಾಯ ದೊಡ್ಡ ಮನಸ್ಸಿನಿಂದ ಮುಚ್ಚಿಹಾಕಿದೆ.

ಮುಚ್ಚಿಹಾಕಲಾಗದ್ದು ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸರ ನಡತೆ. 1959ರಲ್ಲಿ ಡೆಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಬಂದು ಸಮಾಜಶಾಸ್ತ್ರ ವಿಭಾಗ ಕಟ್ಟಿದ ಈ ಮಹನೀಯರು ಅದಕ್ಕೂ ಮೊದಲು, 1948ರಲ್ಲಿ, ತಾವು ರಾಂಪುರವೆಂದು ಕರೆದ ಮೈಸೂರು ಸೀಮೆಯ ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದರು. ಅದೂ ಊರಿನ ಯಜಮಾನರ ಎತ್ತಿನ ಮನೆಯಲ್ಲಿ! ಜನರ ನಡುವೆಯೇ ಬಾಳಿ ಜನರನ್ನು ತಿಳಿಯುವ ಈ ಅಡ್ಡದಾರಿಯಿಂದಲೇ ‘ಪ್ರಬಲ ಜಾತಿ’ಯಂಥ ಪರಿಕಲ್ಪನೆಗಳು ಹುಟ್ಟಿದವು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಗೆ, ಆ ಹಳ್ಳಿಯ ಬಗ್ಗೆ ಅವರು ಒಪ್ಪಮಾಡಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಆಹುತಿಯಾದವು. ಶಿಸ್ತಿನ ಸಂಶೋಧಕನಾಗಿದ್ದರೆ ವಿಷಯವನ್ನೇ ಬದಲಿಸುತ್ತಿದ್ದ. ಇವರು ನೆನಪಿನಿಂದಲೇ ಬರೆದು 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಪ್ರಕಟಿಸಿಬಿಟ್ಟರು.

ಇಂದಿನ ಪಿಎಚ್‌ಡಿ ಸಮಿತಿಯೆದುರು ಅವರು ನಿಂತಿದ್ದರೆ? ‘ಸ್ಯಾಂಪಲ್ ಎಷ್ಟು? ಎತ್ತಿನ ಮನೆ ಯಾವ ಪ್ಯಾರಾಡೈಮ್‌ಗೆ ಸೇರುತ್ತದೆ? ನೆನಪಿನ ವಿಶ್ವಾಸಾರ್ಹತಾ ಗುಣಾಂಕವೇನು?’ ಮೂರಕ್ಕೂ ಉತ್ತರ ಹೊಳೆಯದೆ, ಆ ಊರಲ್ಲಿ ಯಾರ ಜಮೀನು ಯಾರ ಕೈಯಲ್ಲಿತ್ತು, ಯಾರಿಗೆ ಯಾರು ತಲೆಬಾಗುತ್ತಿದ್ದರು ಎಂದು ಹೇಳಲು ಹೊರಡುತ್ತಿದ್ದರು. ‘ಅದು ಐದನೇ ಅಧ್ಯಾಯದ ಮಾತು, ಈಗ ಬೇಡ’ ಎಂದು ಸಮಿತಿ ನಯವಾಗಿ ತಡೆಯುತ್ತಿತ್ತು. ಪ್ರಬಂಧದಲ್ಲಿ ಊರಿಲ್ಲದಿದ್ದರೆ ‘ಮುಂದಿನ ಸಂಶೋಧನೆಗೆ ಅವಕಾಶವಿದೆ’ ಎಂದು ಒಂದು ಸಾಲು ಸೇರಿಸಿದರಾಯಿತು. ಮೂರನೇ ಅಧ್ಯಾಯವಿಲ್ಲದಿದ್ದರೆ ಡಿಗ್ರಿಯೇ ಇಲ್ಲ.