ಬಿಟ್ಟು ಬಂದ ಮೀನು

ಮಕ್ಕಳನ್ನು ಇಂಜಿನಿಯರಿಂಗ್ ಓದಿಸಿದ ತಪ್ಪಿಗೆ ನಮ್ಮ ಹೊನ್ನವಳ್ಳಿ ಕಡೆಯ ಅಪ್ಪ ಅಮ್ಮಂದಿರು ಆರಾರು ತಿಂಗಳು ಹೊರದೇಶದಲ್ಲಿ ಕಾಲ ಕಳೆದು ಬರಬೇಕಾಗುತ್ತದೆ. ಹೋಗುವಾಗ ಎಲ್ಲರದೂ ಒಂದೇ ಥರದ ಗಂಟು: ಚಟ್ನಿಪುಡಿ, ಕೊಬ್ಬರಿ ಮಿಠಾಯಿ, ಮೊಣಕಾಲು ನೋವಿನ ಎಣ್ಣೆ. ಬರುವಾಗ ಮಾತ್ರ ಒಬ್ಬೊಬ್ಬರು ಒಂದೊಂದು ಹುಚ್ಚು ಹಿಡಿಸಿಕೊಂಡು ಬರುತ್ತಾರೆ. ನಯಾಗರ ನೋಡಿ ಬಂದವರ ಎದುರು ಆಮೇಲೆ ಯಾರೂ ಜೋಗದ ಸುದ್ದಿ ಎತ್ತುವ ಹಾಗಿಲ್ಲ. ಇನ್ನು ಕೆಲವರು ಅಲ್ಲಿಯ ಕಸದ ಡಬ್ಬಿಗಳ ಭಕ್ತರಾಗಿ ಬರುತ್ತಾರೆ. ಯಾವ ಬಣ್ಣದ ಡಬ್ಬಿಗೆ ಯಾವ ಕಸ ಎಂಬುದನ್ನು ತಿಪ್ಪೆಯ ಮುಂದೆ ನಿಂತು ವಿವರಿಸುತ್ತಾರೆ. ಇದೆಲ್ಲ ಒಂದು ಯುಗಾದಿ ಕಳೆಯುವಷ್ಟರಲ್ಲಿ ತಾನಾಗಿ ಇಳಿಯುತ್ತದೆ. ಇಳಿಯದೆ ಉಳಿದಿರುವುದು ಒಬ್ಬರಿಗೇ, ನಮ್ಮ ಕೆನಡಾ ಯಜಮಾನರಿಗೆ. ಅವರು ಮೀನು ಹಿಡಿದು ಬಂದವರು.

ಅದರಲ್ಲೇನು ವಿಶೇಷ ಅನ್ನಬೇಡಿ. ಯಜಮಾನರದು ಲಿಂಗ ಕಟ್ಟಿದ ಮನೆ. ಎಂಟೆಕರೆ ತೆಂಗು, ಅಟ್ಟದ ತುಂಬ ಕಾಯಿ, ದಿನಾ ಬೆಳಗ್ಗೆ ವಿಭೂತಿ. ಆ ಮನೆಯಲ್ಲಿ ಮೊಟ್ಟೆ ಎಂಬ ಮಾತು ಆಡಬೇಕಾದರೂ ಹಿತ್ತಿಲಿಗೆ ಹೋಗಬೇಕು. ಅಂಥವರು 2023ರ ಸೆಪ್ಟೆಂಬರಿನಲ್ಲಿ ವ್ಯಾಂಕೂವರ್ ಹತ್ತಿರದ ಚಿಲಿವ್ಯಾಕ್ ಎಂಬ ಊರಲ್ಲಿ, ಫ್ರೇಸರ್ ನದಿಯ ಮಧ್ಯೆ, ಬಾಡಿಗೆ ದೋಣಿಯಲ್ಲಿ ಕೂತು, ಸೊಂಟಕ್ಕೆ ಬೆಲ್ಟು ಬಿಗಿದು, ಏಳಡಿ ಉದ್ದದ ಸ್ಟರ್ಜನ್ ಮೀನನ್ನು ಮುಕ್ಕಾಲು ಗಂಟೆ ಎಳೆದಾಡಿ ದಡ ಮುಟ್ಟಿಸಿದರು. ಆಮೇಲೆ ಬಿಟ್ಟರು.

ಈ "ಆಮೇಲೆ ಬಿಟ್ಟರು" ಎಂಬ ಎರಡು ಮಾತಿನ ಮೇಲೆ ಯಜಮಾನರ ಇಡೀ ಧರ್ಮಶಾಸ್ತ್ರ ನಿಂತಿದೆ.

"ಅಲ್ಲಿ ರೂಲ್ಸೇ ಹಂಗೆ ಕಣಯ್ಯಾ. 1994ರಿಂದ ಆ ಹೊಳೇಲಿ ಸ್ಟರ್ಜನ್ ಹಿಡಿದೋರು ಬಿಡಲೇಬೇಕು. ಮನೆಗೆ ತಗೊಂಡೋದ್ರೆ ಕೇಸು. ಗಾಳಕ್ಕೆ ಮುಳ್ಳೂ ಇರಂಗಿಲ್ಲ, ಮೀನಿಗೆ ನೋವಾಗ್ತದೆ ಅಂತ. ತಿನ್ನೋಕೆ ಹಿಡಿದ್ರೆ ಪಾಪ. ಬಿಡೋಕೆ ಹಿಡಿದ್ರೆ ಏನು ಪಾಪ, ಹೇಳು ನೋಡಾನ?"

ಇದನ್ನು ಅವರು ಟೀ ಅಂಗಡಿಯಲ್ಲಿ ಕೇಳಿದಾಗ ಉತ್ತರ ಕೊಟ್ಟವನು ಕೆರೆಗೆ ಬಲೆ ಬಿಡುವ ಒಬ್ಬ ಹಿರಿಯ. ಬೀಡಿ ಪಕ್ಕಕ್ಕಿಟ್ಟು, "ತಿನ್ನೋಕೆ ಹಿಡಿಯೋದು ಹೊಟ್ಟೆಪಾಡು ಯಜಮಾನ್ರೇ. ಬಿಡೋಕೆ ಹಿಡಿಯೋದು ಯಾವ ಪಾಡು?" ಅಂದ. ಯಜಮಾನರು ಅವನಿಗೆ ಟೀ ಹೇಳಿದರು. ಅವರ ಕಥೆಗೆ ಅಡ್ಡ ಬಂದವರಿಗೆಲ್ಲ ಟೀ ಸಿಗುತ್ತದೆ, ಬಾಯಿ ಅಷ್ಟು ಹೊತ್ತು ಬೇರೆ ಕೆಲಸದಲ್ಲಿರಲಿ ಅಂತ.

ಕಥೆ ಹೇಳುವುದಕ್ಕೆ ಅವರಿಗೊಂದು ದೋಟಿ ಬೇಕು. ಸಿಗದಿದ್ದರೆ ಛತ್ರಿಯೂ ನಡೆಯುತ್ತದೆ. ಕಲ್ಲುಬೆಂಚಿನ ಅಂಚಿಗೆ ಕೂತು, ಎರಡು ಕಾಲೂ ಮುಂದಕ್ಕೆ ಒತ್ತಿ, ದೋಟಿಯ ಬುಡವನ್ನು ಹೊಕ್ಕುಳಿಗೆ ಆನಿಸಿ ಹಿಂದಕ್ಕೆ ಬಾಗುತ್ತಾರೆ. ಎದುರಿಗೆ ನಿಂತವರು ತಾವಾಗಿಯೇ ಫ್ರೇಸರ್ ನದಿಯಾಗಬೇಕು. "ನಮ್ಮ ಕಾವೇರಿ 800 ಕಿಲೋಮೀಟ್ರು. ಇದು 1,375!" ಎಂದು ಶುರು. ಬೋಟಿನಲ್ಲೊಂದು ಟಿವಿ, ನೀರಿನ ತಳದಲ್ಲಿ ಮೀನು ಮಲಗಿರುವುದು ಅದರಲ್ಲಿ ಕಾಣುತ್ತದಂತೆ. ಮೀನಿಗೆ ಹಲ್ಲಿಲ್ಲ, ಹುರುಪೆಯಿಲ್ಲ. ಬೆನ್ನಿನ ಮೇಲೂ ಪಕ್ಕೆಗಳಲ್ಲೂ ಐದು ಸಾಲು ಮೂಳೆಯ ಫಲಕ, ಮೂತಿಯ ಕೆಳಗೆ ನಾಲ್ಕು ಮೀಸೆ, ಬಾಯಿ ಕೊಳವೆಯಂತೆ ಹೊರಗೆ ಚಾಚಿಕೊಂಡು ಆಹಾರವನ್ನು ಹೀರುತ್ತದೆ. ನೂರು ವರ್ಷ ಬದುಕುತ್ತದೆ. "ನಮ್ಮಪ್ಪ ಹುಟ್ಟೋಕ್ ಮುಂಚಿನ ಮೀನು ಇದ್ರೂ ಇರ್ಬೋದು. ಕೈ ಮುಗಿದೆ" ಎನ್ನುವಾಗ ಅವರ ದನಿ ನಿಜಕ್ಕೂ ಇಳಿಯುತ್ತದೆ. ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ ಎಂಬುದೇ ನಮಗೆ ಕಷ್ಟ. ಸುಳ್ಳಾಗಿದ್ದರೆ ಒಂದು ಕಡೆ ಹಿಡಿದು ನಿಲ್ಲಿಸಬಹುದಿತ್ತು.

ಮೀನು ಹಿಡಿಸಿದ ಗೈಡ್ ಬಗ್ಗೆ ಅವರಿಗೆ ಗುರುಭಕ್ತಿ. ಬೆಳಗಿನ ಜಾವ ಬಂದು ಹತ್ತಿಸಿಕೊಂಡವನು ಅವನು. ಲೈಸೆನ್ಸು ನೋಡಿದವನು ಅವನು. ಆ ಹೊಳೆಯಲ್ಲಿ ಮಾಮೂಲಿ ಲೈಸೆನ್ಸಿನ ಮೇಲೆ ಸ್ಟರ್ಜನ್ನಿಗೆಂದೇ ಬೇರೊಂದು ಲೈಸೆನ್ಸು ಬೇಕು. ಮೀನಿರುವ ಗುಂಡಿ ಹುಡುಕಿ ಲಂಗರು ಬಿಟ್ಟವನು ಅವನು. ಗಾಳಕ್ಕೆ ಸಾಲ್ಮನ್ ಮೀನಿನ ಮೊಟ್ಟೆ ಕಟ್ಟುವಾಗ ಯಜಮಾನರು ಮುಖ ತಿರುಗಿಸಿಕೊಂಡು ಬೆಟ್ಟ ನೋಡುತ್ತಿದ್ದರು, ಅದನ್ನೂ ಮಾಡಿದವನು ಅವನೇ. ಗಾಳ ಎಸೆದವನು, ಕೋಲಿನ ತುದಿ ಅದುರಿದ್ದನ್ನು ಕಂಡವನು, ಜಗ್ಗಿ ಕೊಕ್ಕೆ ನಾಟಿಸಿದವನು ಎಲ್ಲ ಅವನೇ. ಆಮೇಲೆ ಕೋಲನ್ನು ಯಜಮಾನರ ಕೈಗೆ ಕೊಟ್ಟ.

ಕೂತು ಕೇಳುತ್ತಿದ್ದವರಲ್ಲಿ ಕಾಯಿ ಕೀಳುವ ಹುಡುಗನೊಬ್ಬನಿದ್ದ. ಯಜಮಾನರ ತೋಟದ ಮರಗಳನ್ನು ಹತ್ತುವವನು. "ಹಂಗಾದ್ರೆ ಇದು ನಮ್ ತೋಟದ ಲೆಕ್ಕಾನೇ ಬಿಡಿ. ನೀವು ಮರದ ಬುಡದಾಗೆ ನಿಂತ್ಕಂಡು, ಇವತ್ತು ಎರಡ್ ಸಾವಿರ ಕಾಯಿ ಕಿತ್ತೆ ಅಂತೀರಲ್ಲ" ಅಂದ. ಅವನಿಗೆ ಟೀ ಜೊತೆ ಬನ್ನೂ ಸಿಕ್ಕಿತು.

ಕಥೆ ಕೇಳಿಸುವುದಕ್ಕೆ ಅವರಿಗೆ ದೊರೆತ ದೊಡ್ಡ ಅವಕಾಶ 2024ರ ನಾಫೆಡ್ ಕೊಬ್ಬರಿ ಖರೀದಿ. ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ, ಪೇಟೆಯಲ್ಲಿ ಅದಕ್ಕಿಂತ ಕಡಿಮೆ, ಹಾಗಾಗಿ ನೋಂದಣಿಗೆ ತಿಪಟೂರಿನಲ್ಲಿ ಜನವೋ ಜನ. ಸಾಲು ಬಿಟ್ಟರೆ ಜಾಗ ಹೋಗುತ್ತದೆ. ಹಾಗಾಗಿ ಯಾರೂ ಎದ್ದು ಹೋಗುವಂತಿಲ್ಲ. ಯಜಮಾನರು ಪಹಣಿ, ಆಧಾರ್ ಪ್ರತಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಮುಂದಿನವನಿಗೊಮ್ಮೆ ಹಿಂದಿನವನಿಗೊಮ್ಮೆ ಮೀನು ಎಳೆದು ತೋರಿಸಿದರು. ತುರುವೇಕೆರೆ ಕಡೆಯ ರೈತರೊಬ್ಬರು ತೂಕ ಕೇಳಿದರು. "ಮಂಡಿಯೋರು ಕಳೆಯೋದೆಲ್ಲ ಕಳೆದ್ರೂ ಮುಕ್ಕಾಲು ಕ್ವಿಂಟಾಲಿಗೆ ಮೋಸ ಇಲ್ಲ" ಅಂದರು ಯಜಮಾನರು. ಆ ರೈತರಿಗೆ ಅಷ್ಟು ಹೊತ್ತಿನಲ್ಲಿ ಅರ್ಥವಾದ ಮಾತು ಅದೊಂದೇ.

ಮೀನು ಹಿಡಿದವರ ಮೀನು ವರ್ಷ ವರ್ಷ ಉದ್ದವಾಗುವುದು ಲೋಕಾರೂಢಿ. ಯಜಮಾನರ ಮೀನೂ ಉದ್ದವಾಯಿತು. 2023ರಲ್ಲಿ ಏಳಡಿ, ಮರುವರ್ಷ ಏಳಡಿ ಎರಡಿಂಚು, ಈಗ ಏಳೂಕಾಲನ್ನು ದಾಟುತ್ತಿದೆ. ಹೈಸ್ಕೂಲು ಮೇಷ್ಟ್ರೊಬ್ಬರು ಇದನ್ನು ಹಿಡಿದೇಬಿಟ್ಟೆ ಎಂದು ಎದ್ದು ನಿಂತರು. ಯಜಮಾನರು ತಣ್ಣಗೆ, "ಮೇಷ್ಟ್ರೇ, ನಾನು ಅದನ್ನ ಕೊಂದಿದ್ದರೆ ಏಳಡಿಗೇ ನಿಲ್ತಿತ್ತು. ಬಿಟ್ಟು ಬಂದಿದೀನಿ. ಸ್ಟರ್ಜನ್ನು ಸಾಯೋತನಕ ಬೆಳೀತದೆ. ಹೋದ ವರ್ಷ ಇದ್ದಷ್ಟೇ ಇರು ಅಂತ ಹೇಳೋಕೆ ನಾನ್ಯಾರು?" ಅಂದರು. ಮೇಷ್ಟ್ರು ವಿಜ್ಞಾನದವರು. ಅವರಿಗೆ ಕೂರದೆ ಬೇರೆ ದಾರಿ ಇರಲಿಲ್ಲ. "ಅದರ ಚರ್ಮದೊಳಗೆ ಅಕ್ಕಿಕಾಳಷ್ಟು ಚಿಪ್ ಹಾಕಿದಾನೆ ನಮ್ ಗೈಡು. ನಂಬರ್ ಐತೆ. ಅನುಮಾನ ಇದ್ದೋರು ಹೋಗಿ ಅಳೆದು ಬರಬಹುದು" ಎಂದು ಮೇಲೊಂದು ಹಾಕಿದರು. ಚಿಪ್ಪಿನ ಮಾತು ನಿಜ. ಫ್ರೇಸರ್ ನದಿಯ ಗೈಡುಗಳೂ ಹವ್ಯಾಸಿಗಳೂ ಹಿಡಿದ ಸ್ಟರ್ಜನ್ನುಗಳನ್ನು ಅಳೆದು, ಚಿಪ್ ಹಾಕಿ, ಲೆಕ್ಕ ಬರೆದು ಬಿಡುತ್ತಾರೆ. ಆ ಮೀನಿನ ಸಂತತಿಯ ಅಂದಾಜು ಸಿಗುವುದೇ ಈ ಲೆಕ್ಕದಿಂದ. ಒಂದು ಮೀನಿಗೆ ಇಷ್ಟು ಅಚ್ಚುಕಟ್ಟಾದ ದಾಖಲೆ ಇದ್ದು, ನಮ್ಮ ಹೋಬಳಿಯ ಪಹಣಿಗಳಲ್ಲಿ ಸತ್ತವರ ಹೆಸರು ಇನ್ನೂ ಓಡುತ್ತಿರುವುದು ಬೇರೆ ಮಾತು.

ಮನೆಯಲ್ಲಿ ಈ ಮೀನಿಗೆ ಅಷ್ಟು ಮರ್ಯಾದೆ ಇಲ್ಲ. ತೊಡೆಮಟ್ಟ ನೀರಿನಲ್ಲಿ ರಬ್ಬರು ಪ್ಯಾಂಟು ಹಾಕಿ, ಹಣೆಯ ಮೇಲೆ ವಿಭೂತಿ ಇಟ್ಟು, ಮೀನನ್ನು ತಬ್ಬಿ ನಿಂತ ಫೋಟೊಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ಸಿದ್ಧಗಂಗಾ ಶ್ರೀಗಳ ಪಟದ ಪಕ್ಕ ತೂಗುಹಾಕಿದ್ದರು. ಯಜಮಾನತಿ ಮಾತಾಡದೆ ಅದನ್ನು ತೆಗೆದು ಅಟ್ಟದ ಏಣಿ ಹತ್ತಿರ ಮೀಟರ್ ಬೋರ್ಡಿನ ಮೇಲಕ್ಕೆ ಹಾಕಿದರು. ಕರೆಂಟ್ ಬಿಲ್ ಬರೆಯುವವನು ತಿಂಗಳಿಗೊಮ್ಮೆ ದರ್ಶನ ಮಾಡುತ್ತಾನೆ.

ಆ ಅಮ್ಮನವರೂ ಅವತ್ತು ದೋಣಿಯಲ್ಲಿ ಇದ್ದರು ಎಂಬುದು ಕಥೆಯಲ್ಲಿ ಬರುವುದೇ ಇಲ್ಲ. ಅವರು ಚಪಾತಿ ಚಟ್ನಿಪುಡಿ ಬಿಚ್ಚಿದ್ದು, ಗೈಡಿಗೆ ಕೊಬ್ಬರಿ ಮಿಠಾಯಿ ಕೊಟ್ಟಿದ್ದು, ಅವನು ನಾಲ್ಕು ತಿಂದು ಎರಡು ಜೇಬಿಗೆ ಹಾಕಿಕೊಂಡಿದ್ದು ನಮಗೆ ಗೊತ್ತಾಗಿದ್ದು ಅವರಿಂದಲೇ. ಸಾಲ್ಮನ್ ವಿಚಾರದಲ್ಲಂತೂ ಅವರು ಗಂಡನ ಬಾಯಿಯನ್ನೇ ಕಟ್ಟಿಸಿದರು. ಬೆಸಸಂಖ್ಯೆಯ ವರ್ಷಗಳಲ್ಲಿ ಗುಲಾಬಿ ಸಾಲ್ಮನ್‌ಗಳು ಸಮುದ್ರದಿಂದ ಫ್ರೇಸರ್‌ಗೆ ಹಿಂಡುಹಿಂಡಾಗಿ ಹತ್ತಿ ಬರುತ್ತವೆ. ಯಜಮಾನರು ಅದನ್ನೂ ಕಂಡು ಬಂದಿದ್ದರು. ಮದುವೆ ಮನೆಯೊಂದರಲ್ಲಿ ಊಟದ ಪಂಕ್ತಿಯಲ್ಲಿ ಕೂತು, "ನೋಡ್ರಯ್ಯಾ, ಸಾವಿರಾರು ಮೈಲಿ ಸಮುದ್ರ ಸುತ್ತಿ, ಕೊನೆಗೆ ಹುಟ್ಟಿದ ಹಳ್ಳಾನೇ ಹುಡುಕ್ಕೊಂಡು ಬರ್ತದೆ. ಮೀನಿಗಿರೋ ಬುದ್ಧಿ ನಮ್ ಮಕ್ಕಳಿಗಿಲ್ಲ" ಎಂದು ಗದ್ಗದರಾದರು. ಹಪ್ಪಳ ಬಡಿಸಲು ಬಂದ ಅಮ್ಮನವರು, "ಬಂದು ಮೊಟ್ಟೆ ಇಟ್ಟ ಮ್ಯಾಲೆ ಸತ್ತೋಗ್ತದೆ ಅಂತ ಆ ಗೈಡು ಹೇಳ್ಲಿಲ್ವೇ? ನನ್ ಮಗ ಅಲ್ಲೇ ಚೆನ್ನಾಗಿರ್ಲಿ" ಎಂದು ಮುಂದಿನ ಎಲೆಗೆ ಹೋದರು.

ಈ ಯಜಮಾನರಿಗೆ ಒಮ್ಮೆ ಊರಿನವರಿಗೂ ಗೈಡೆಡ್ ಫಿಶಿಂಗ್ ತೋರಿಸಬೇಕು ಅನ್ನಿಸಿತು. ಒಂದು ಸಲ ಹೋಗಿ ಬಂದವರಿಗೆ ಗೈಡ್ ಆಗುವ ಹಂಬಲ ಬಹಳ. ಟೆಂಪೋ ಟ್ರಾವೆಲರ್ ಮಾಡಿ ತುರುವೇಕೆರೆ, ನಾಗಮಂಗಲ, ಮದ್ದೂರು, ಹಲಗೂರು ದಾಟಿಸಿ ನಮ್ಮನ್ನು ಕಾವೇರಿ ದಂಡೆಯ ಭೀಮೇಶ್ವರಿಗೆ ಕರೆದುಕೊಂಡು ಹೋದರು. ಸಾಮಾನು ಇಳಿಸುವ ಮೊದಲೇ ಕೌಂಟರಿನಲ್ಲಿ, "ನಾಲ್ಕು ರಾಡು, ಒಬ್ಬ ಗೈಡು" ಅಂದರು. ಕೌಂಟರಿನವನು ತೆಪ್ಪ ಇದೆ, ಕಯಾಕ್ ಇದೆ, ಹಗ್ಗದ ಮೇಲೆ ಜಾರುವುದಿದೆ, ಮೀನು ಹಿಡಿಯುವುದು ಇಲ್ಲ ಅಂದ. ಅದು ಕಾವೇರಿ ವನ್ಯಧಾಮದ ಜಾಗ. ಅಭಯಾರಣ್ಯದಲ್ಲಿ ಗಾಳ ಹಾಕುವುದೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆಯೇ ಎಂದು ತೀರ್ಮಾನವಾಗಿ 2010ರ ದಶಕದ ಆರಂಭಕ್ಕೇ ಅದು ನಿಂತುಹೋಗಿದೆ. "ಹಿಡಿದು ಬಿಡ್ತೀವಪ್ಪ!" ಎಂದು ಯಜಮಾನರು ಮಾಡಿದ ವಾದ ಅಲ್ಲಿ ನಡೆಯಲಿಲ್ಲ.

ತೆಪ್ಪ ನಡೆಸುವ ಮುದುಕ ಸಮಾಧಾನಕ್ಕೆಂದು ಹಳೇ ಕಥೆ ತೆಗೆದ. ಆ ಕಥೆಯಿಂದಲೇ ಅನಾಹುತವಾಯಿತು. ಇಲ್ಲಿಯ ಬಿಳಿಮೀನನ್ನು, ಅಂದರೆ ಮಹಶೀರನ್ನು ಹಿಡಿಯುವುದಕ್ಕೆ ಇಂಗ್ಲೆಂಡಿನಿಂದ ಜನ ವಿಮಾನ ಹತ್ತಿ ಬರುತ್ತಿದ್ದರು. 1977ರಲ್ಲಿ ಬಂದ ಮೂವರು ಬ್ರಿಟಿಷ್ ಹುಡುಗರ ತಂಡದಿಂದ ಈ ಹೊಳೆಯ ಹೆಸರು ಅಲ್ಲೆಲ್ಲ ಹಬ್ಬಿತ್ತು. ಅದಕ್ಕೂ ಮುಂಚೆ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು, ಸತ್ತ ಹುಲಿ ಚಿರತೆಗಳನ್ನು ಜೀವಂತವೆಂಬಂತೆ ನಿಲ್ಲಿಸುತ್ತಿದ್ದ ಅದೇ ಮನೆತನ, ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದಿದ್ದರು. ಆಮೇಲೆ ಕ್ಯಾಂಪುಗಳಾದವು. ಮೊದಲು ಕದ್ದು ಬಲೆ ಹಾಕುತ್ತಿದ್ದ, ಸಿಡಿಮದ್ದು ಎಸೆಯುತ್ತಿದ್ದ ಕೆಲವರೇ ಗೈಡುಗಳಾಗಿ ದೊರೆಗಳಿಗೆ ಮಡುವು ತೋರಿಸಿದರು. ಹಿಡಿದದ್ದನ್ನೆಲ್ಲ ತೂಗಿ, ಫೋಟೊ ಹೊಡೆದು ಬಿಡುತ್ತಿದ್ದರು. ಕಾವೇರಿಯ ಈ ಗೂನುಬೆನ್ನಿನ ಮಹಶೀರಿಗೆ ಟೋರ್ ರೆಮಾದೇವಿ ಎಂಬ ಶಾಸ್ತ್ರೀಯ ಹೆಸರು ಗಟ್ಟಿಯಾಗಿದ್ದು 2018ರಲ್ಲಿ. ಅಳಿದುಹೋಗುವ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಅದು ಸೇರಿದ್ದೂ ಅದೇ ವರ್ಷ.

"ಗಾಳಕ್ಕೆ ಏನ್ ಕಟ್ತಿದ್ರಜ್ಜ?" ಎಂದು ನಮ್ಮ ಕಾಯಿ ಕೀಳುವ ಹುಡುಗ ಕೇಳಿದ.

"ರಾಗಿ ಮುದ್ದೆ ಕಣಪ್ಪ."

ತೆಪ್ಪ ಅಲ್ಲಾಡಿತು. ಹೊನ್ನವಳ್ಳಿಯ ಎಂಟು ಜನರಿಗೆ ಒಮ್ಮೆಲೇ ಹೆಮ್ಮೆ ಬಂದರೆ ಯಾವ ತೆಪ್ಪ ನಿಲ್ಲುತ್ತದೆ? ಮುದ್ದೆ ತಿನ್ನುವ ಮೀನು! ಗಟ್ಟಿಯಾಗಿ ಬೇಯಿಸಿ, ಉಂಡೆ ಕಟ್ಟಿ, ಗಾಳದ ಸುತ್ತ ಮೆತ್ತಿ ಎಸೆದರೆ ಐವತ್ತು ಕೆಜಿಯ ಮೀನು ಬಂದು ನುಂಗುತ್ತಿತ್ತೆಂದರೆ ಅದು ನಮ್ಮ ಕಡೆಯದೇ. ಸಾರಿನ ಬಗ್ಗೆಯೂ ಯಾರೋ ವಿಚಾರಿಸಿದರು. ವಾಪಸು ಬರುವಾಗ ಗಾಡಿಯಲ್ಲಿ ಬರೀ ಮಹಶೀರಿನದೇ ಮಾತು. ಸ್ಟರ್ಜನ್ ಹೆಸರೆತ್ತಿದವರಿಲ್ಲ. ಯಜಮಾನರು ಕಿಟಕಿ ಪಕ್ಕ ಕೂತು ನಾಗಮಂಗಲದವರೆಗೂ ಲೆಕ್ಕ ಹಾಕಿ, "120 ಪೌಂಡು ಅಂದ್ರೆ 54 ಕೆಜಿ ಅಷ್ಟೇಯ" ಅಂದರು. ಯಾರೂ ತಿರುಗಿ ನೋಡಲಿಲ್ಲ.

ಸುಮ್ಮನೆ ಕೂರುವ ಜೀವ ಅಲ್ಲ ಅದು. ಈಗ ತೋಟದ ಮೂಲೆಯ ಕೃಷಿ ಹೊಂಡಕ್ಕೆ ಕಾಟ್ಲಾ, ರೋಹು ಮರಿ ತಂದು ಬಿಟ್ಟಿದ್ದಾರೆ. ದಿನಾ ಸಂಜೆ ತೌಡು ಹಾಕುತ್ತಾರೆ. ಹೊಂಡದ ಬೇಲಿಗೆ ಒಂದು ತಗಡಿನ ಬೋರ್ಡು: ಗೈಡ್ ಇಲ್ಲದೆ ಮೀನು ಹಿಡಿಯಬಾರದು, ಮುಳ್ಳಿಲ್ಲದ ಗಾಳವೇ ಆಗಬೇಕು, ಹಿಡಿದ ಮೀನನ್ನು ಅಳತೆ ಮಾಡಿಸಿ ಬಿಡತಕ್ಕದ್ದು. ಗೈಡ್ ಯಾರೆಂದು ಬರೆದಿಲ್ಲ, ಎಲ್ಲರಿಗೂ ಗೊತ್ತು. ಇಂಚು ಗುರುತು ಹಾಕಿದ ಹಲಗೆಯೊಂದನ್ನು ತೆಂಗಿನ ಬುಡಕ್ಕೆ ಒರಗಿಸಿ, ರಿಜಿಸ್ಟರ್ ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ತೂಗುಹಾಕಿದ್ದಾರೆ. ಕಾಟ್ಲಾ ಒಂದೂವರೆ ಕೆಜಿಗೆ ಬಂದಿವೆ ಎಂಬ ಸುದ್ದಿ ಊರಲ್ಲಿ ಹರಡುವುದಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ.

ಮೊನ್ನೆ ಅಮಾವಾಸ್ಯೆ ಮಾರನೆಯ ಬೆಳಗ್ಗೆ ಕಾಯಿ ಕೀಳುವ ಹುಡುಗ ಓಡಿ ಬಂದ. ಯಜಮಾನರು ಪೂಜೆ ಮುಗಿಸಿ ಜಗುಲಿಗೆ ಬಂದಿದ್ದರಷ್ಟೆ.

"ಯಜಮಾನ್ರೇ, ರಾತ್ರಿ ಯಾರೋ ಹೊಂಡಕ್ಕೆ ಇಳಿದವ್ರೆ. ಎಲ್ಲಾ ಹಿಡಿದವ್ರೆ."

"ಬಿಟ್ಟವ್ರಾ?"

"ಬಿಡೋದೊಂದು ಮರ್ತವ್ರೆ."

ಯಜಮಾನರು ಸ್ವಲ್ಪ ಹೊತ್ತು ಕಂಬ ಹಿಡಿದು ನಿಂತರು. ಒಳಗಿನಿಂದ ಅಮ್ಮನವರು, ಪೊಲೀಸ್ ಗಿಲೀಸ್ ಅಂತ ಹೋಗಬೇಡಿ, ಮೀನು ಸಾಕಿದ್ದು ನಮ್ಮೋರಿಗೆಲ್ಲ ಗೊತ್ತಾಗ್ತದೆ ಎಂದು ಕೂಗಿ ಹೇಳಿದರು. ಅದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ರಿಜಿಸ್ಟರ್ ನೋಡ್ದೇನೋ? ಕಳ್ ನನ್ಮಕ್ಕಳು ಅಳತೇನಾದ್ರೂ ಬರೆದು ಹೋಗವ್ರಾ?"